ಗುರುವಾರ ಬರುವವನು

ಧೂಳಪ್ಪ ಟೀವಿಯಲ್ಲಿ ಬರುತ್ತಾನೆಂಬ ಸುದ್ದಿ ನಮ್ಮ ಮನೆಗೆ ಬಂದದ್ದು ರೊಟ್ಟಿ ಬಡಿಯುವ ಹೊತ್ತಿಗೆ. ಮಾವನವರು ಧಾನ್ಯದ ಪೇಟೆಗೆ, ಗಂಜಿಗೆ, ಹೋಗಿದ್ದರು. ಅಂಗಡಿಯ ಗುಮಾಸ್ತ ಗುಂಡಪ್ಪ ಆ ಸಮಯ ನೋಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ಬೊಂಬಾಯಿಯಿಂದ ಟ್ರಂಕಾಲ್ ಬಂದಿತ್ತೆಂದ. ಬರುವ ಗುರುವಾರದಿಂದ ವಾರಕ್ಕೊಮ್ಮೆ, ರಾತ್ರಿ ಊಟದ ಹೊತ್ತಿಗೆ, ಹಿಂದಿ ಧಾರಾವಾಹಿ. ಅದರಲ್ಲಿ ಒಂದು ಮನೆಯ ಹಿರಿಯ ಮಗನ ಪಾತ್ರ. ಅತ್ತೆ ಮಾಣಿಕಮ್ಮ ಹಂಚಿನ ಮೇಲಿನ ರೊಟ್ಟಿ ಹೊರಳಿಸುವುದನ್ನು ಮರೆತರು. ಕರಕಾದ ಆ ರೊಟ್ಟಿಯನ್ನು ಯಾರಿಗೂ ಬಡಿಸದೆ ತಾವೇ ಉಂಡರು.

ಧೂಳಪ್ಪ ನನ್ನ ಮೈದುನ. ನನ್ನ ಗಂಡ ಬಸವಣಪ್ಪ ಹೋಗಿ ಆಗ ಆರು ತಿಂಗಳಾಗಿತ್ತು. ಅಂಗಡಿಯ ಕೆಲಸಕ್ಕೆಂದು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಜೀಪಿನಲ್ಲಿ ಹೊರಟವರು ಸಸ್ತಾಪುರ ಬಂಗ್ಲಾದ ಹತ್ತಿರ ಲಾರಿಗೆ ಸಿಕ್ಕರು. ಅಂದು ಆ ಕೆಲಸಕ್ಕೆ ಹೋಗಬೇಕಾದವನು ಧೂಳಪ್ಪ. ನಾಲ್ಕು ದಿನ ಇದ್ದು ಹೋಗಲೆಂದು ಬೊಂಬಾಯಿಯಿಂದ ಬಂದವನು ಪಡಸಾಲೆಯಲ್ಲಿ ಹೊದ್ದು ಮಲಗಿದ್ದ. "ಮಲಗಲಿ ಬಿಡ್ರಿ, ನಾ ಹೋಗಿ ಬರ್ತೀನಿ" ಎಂದು ಇವರು ಎದ್ದರು. ನಾನು ಮಜ್ಜಿಗೆ ತರಲು ಒಳಗೆ ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ಜೀಪು ಓಣಿಯ ತಿರುವಿನಲ್ಲಿತ್ತು.

ಮಾವ ಮಹಾರುದ್ರಪ್ಪನವರು ಆ ಬೆಳಗನ್ನು ಯಾರಿಗೂ ಮರೆಯಗೊಡಲಿಲ್ಲ. ಸಮಾಧಿಯ ಕುಣಿಯ ಹತ್ತಿರವೇ ಕಿರಿಯ ಮಗನ ಕೈ ಹಿಡಿದು, ಇನ್ನು ಬಣ್ಣ ಹಚ್ಚಿಕೊಳ್ಳುವುದು ಸಾಕು, ಅಂಗಡಿಗೆ ಬಾ ಎಂದರು. ಧೂಳಪ್ಪ ಆಗಲೇ ಈ ಧಾರಾವಾಹಿಗೆ ಮಾತು ಕೊಟ್ಟಿದ್ದ. ಮಾವನವರದು ತೊಗರಿಯ ಅಡತಿ, ಬಾಯಿಮಾತಿನ ಮೇಲೆ ನಡೆಯುವ ದಲ್ಲಾಳಿ ವ್ಯಾಪಾರ. ಕೊಟ್ಟ ಮಾತನ್ನು ಮುರಿ ಎಂದು ಅವರ ಬಾಯಿಂದ ಬರಲಾರದು.

"ಅದೊಂದು ಮುಗಸು" ಎಂದರು. "ದೀಪಾವಳಿ ಪಾಡ್ಯಕ್ಕ ಅಣ್ಣನ ಗಾದಿ ಮ್ಯಾಲ ಕೂಡಬೇಕು."

ಧೂಳಪ್ಪ ಕೈಯಲ್ಲಿ ಮಣ್ಣು ಹಿಡಿದುಕೊಂಡೇ ಹೂಂ ಎಂದ.

ಅವನು ಟೀವಿಯವರೆಗೆ ನಡೆದ ದಾರಿ ಊರಿಗೆಲ್ಲ ಗೊತ್ತು. ಶಾಲೆಯ ನಾಟಕದಲ್ಲಿ ಸೀರೆ ಉಟ್ಟು ಅಪ್ಪನ ಕೈಯಲ್ಲಿ ಹೊಡೆತ ತಿಂದ. ಬಸ್ ನಿಲ್ದಾಣದ ಹಿಂದೆ ತಗಡಿನ ಡೇರೆ ಹಾಕಿದ್ದ ನಾಟಕ ಕಂಪನಿಗೆ ಬೇಳೆ ಅಳೆದುಕೊಡಲು ಹೋದವನು ಆ ವಾರವೇ ಅಲ್ಲಿ ಕಾವಲುಗಾರನಾಗಿ ಈಟಿ ಹಿಡಿದು ನಿಂತಿದ್ದ. ಕಂಪನಿ ಮುರಿದ ಮೇಲೆ ಹೈದರಾಬಾದಿಗೆ ಹೋದ. ತೆಲುಗು, ಹಿಂದಿ ಸಿನಿಮಾಗಳಲ್ಲಿ ಪೊಲೀಸನಾದ, ಟಾಂಗಾವಾಲಾ ಆದ, ಮದುವೆ ದಿಬ್ಬಣದಲ್ಲಿ ಒಬ್ಬನಾದ, ಒಂದರಲ್ಲಿ ಹೆಣವಾದ. ಇನ್ನೊಂದರಲ್ಲಿ ಅವನ ಬೆನ್ನಷ್ಟೇ ಕಾಣುತ್ತದೆ. ಅತ್ತೆ ಅದನ್ನು ಊರ ಟಾಕೀಜಿನಲ್ಲಿ ಮತ್ತೆ ಮತ್ತೆ ನೋಡಿ, ಕುತ್ತಿಗೆಯ ಸುಳಿಯಿಂದ ಗುರುತು ಹಿಡಿದೆ ಎಂದು ಓಣಿಯಲ್ಲೆಲ್ಲ ಹೇಳಿಬಂದಿದ್ದರು. ಕೊನೆಗೆ ಬೊಂಬಾಯಿ. ಪ್ರತಿ ಸಲವೂ ಅವನನ್ನು ಬಸ್ಸು ಹತ್ತಿಸಿ ಬರುತ್ತಿದ್ದವರು ನನ್ನ ಗಂಡ. "ಗಾದಿ ಮ್ಯಾಲ ನಾ ಇದ್ದೇನಲ್ಲ, ನೀ ಹೋಗು" ಎನ್ನುತ್ತಿದ್ದರು. ಈಗ ಗಾದಿ ಖಾಲಿ ಇತ್ತು.

ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಎದುರುಮನೆಯ ಹಜಿರಾ ಬೀ ಅವರಲ್ಲಿ. ಸೌದಿಯಲ್ಲಿದ್ದ ಮಗ ತಂದುಕೊಟ್ಟದ್ದು. ಗುರುವಾರ ಅತ್ತೆ ಮಾವನಿಗೆ ಬೇಗ ಬಡಿಸಿ, ಒಂದು ಚರಿಗೆಯಲ್ಲಿ ನೀರು ತುಂಬಿಕೊಂಡು ನನ್ನನ್ನೂ ಕರೆದರು. ಮಾವ ತಾಟಿನಿಂದ ತಲೆ ಎತ್ತಲಿಲ್ಲ.

"ವರ್ಷ ತುಂಬಿಲ್ಲ, ಸೊಸಿನ್ನ ಕರಕೊಂಡು ಎಲ್ಲಿಗಿ ಹೊಂಟಿ?"

"ಎದುರು ಮನಿಗಿ. ಕಾಶಿಗೇನಲ್ಲ."

ಹಜಿರಾ ಬೀ ಚಾಪೆ ಹಾಸಿ ಕೂಡಿಸಿದರು. ಅತ್ತೆಯ ಚರಿಗೆ ನೋಡಿ ನಕ್ಕರು.

"ನಮ್ಮ ಟೀವಿ ನಡೀತದ, ನಮ್ಮ ನೀರು ನಡ್ಯಾಂಗಿಲ್ಲ. ಹೌದಿಲ್ಲೋ ಮಾಣಿಕಮ್ಮಾ?"

"ನಿನ್ನ ಟೀವಿ ನಾ ಕುಡ್ಯಾಕತ್ತಿಲ್ಲ ತಗೋ" ಎಂದರು ಅತ್ತೆ.

ಚಿತ್ರ ಅಲುಗಾಡಿ ನಿಂತಿತು. ಒಂದು ಹಳೆಯ ಮನೆ, ಅದರ ಬಾಗಿಲು. ಬಾಗಿಲಿಗೆ ಒಬ್ಬ ಬಂದ. ಬಗ್ಗದೆ, ಎಡ ಹಿಮ್ಮಡಿಯಿಂದ ಬಲಗಾಲಿನ ಚಪ್ಪಲಿ ಒತ್ತಿ ಕಳಚಿದ. ಒಳಗೆ ಬರುವ ಮೊದಲು ಸಣ್ಣಗೆ ಕೆಮ್ಮಿದ. ಊಟಕ್ಕೆ ಕೂತ. ತುತ್ತು ಮುರಿಯುವ ಮೊದಲು ಅವನ ಬಲಗೈ ಎದೆಗೆ ಹೋಯಿತು. ಅಂಗಿಯ ಮೇಲೆ ಎರಡು ಬೆರಳು ತಟ್ಟಿ ಕೆಳಗಿಳಿಯಿತು.

ಆ ಕಥೆಯ ಮನೆ ಉತ್ತರದ ಕಡೆಯದು. ಅಲ್ಲಿ ಯಾರ ಕೊರಳಲ್ಲೂ ಲಿಂಗವಿಲ್ಲ. ಅವನ ಅಂಗಿಯ ಕೆಳಗೆ ಮುಟ್ಟಲು ಏನೂ ಇರಲಿಲ್ಲ. ನಮ್ಮಲ್ಲಿ ಉಣ್ಣುವ ಮೊದಲು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿ ನಮಸ್ಕರಿಸುವವರು ಎಲ್ಲರೂ. ಮಗು ಮಲಗಿದೆಯೋ ಎಂದು ನೋಡುವಂತೆ ಎರಡು ಬೆರಳಿನಿಂದ ತಟ್ಟುತ್ತಿದ್ದವರು ಒಬ್ಬರೇ.

ಹಜಿರಾ ಬೀ ಬಾಯಿಗೆ ಸೆರಗು ಒತ್ತಿಕೊಂಡರು.

"ಯಾ ಅಲ್ಲಾ" ಎಂದರು. "ಇಂವ ಬಸವಣಪ್ಪ."

ಧೂಳಪ್ಪನ ಮೂಗು ಬೇರೆ, ಬಣ್ಣ ಬೇರೆ, ಎತ್ತರವೂ ಒಂದಿಷ್ಟು ಕಡಿಮೆ. ಅವನು ಚಪಾತಿಯನ್ನು ಹೆಬ್ಬೆರಳ ಕೆಳಗೆ ಮಡಿಸಿ ಒಂದೇ ಕೈಯಲ್ಲಿ ಮುರಿದ. ನಕ್ಕಾಗ ಸದ್ದು ಬರಲಿಲ್ಲ, ಭುಜ ಮಾತ್ರ ಅಲುಗಿತು. ಇದನ್ನೆಲ್ಲ ನಾನು ಮೂರು ವರ್ಷ ದಿನವೂ ನೋಡಿದ್ದೆ, ಆರು ತಿಂಗಳಲ್ಲಿ ಅರ್ಧ ಮರೆತಿದ್ದೆ. ಮರೆತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಇಷ್ಟು ಪೂರ್ತಿಯಾಗಿ ಎತ್ತಿಕೊಂಡು ಹೋಗಬಲ್ಲನೆಂದು ಯಾವ ಪಾಠದಲ್ಲೂ ಓದಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಮಾವನಿಗೆ ಒಂದೇ ಮಾತು ಹೇಳಿದರು: ಅವನು ಬಂದಿದ್ದ. ಯಾರು ಎಂದು ಮಾವ ಕೇಳಲಿಲ್ಲ. ಮಾರನೆಯ ದಿನ ಗಂಜಿನಲ್ಲಿ ಹಮಾಲರಿಂದ ಹಿಡಿದು ಖರೀದಿದಾರರವರೆಗೆ ಎಲ್ಲರೂ ಅದನ್ನೇ ಹೇಳಿದರಂತೆ. ಮಾವ ಮಧ್ಯಾಹ್ನ ಉಣ್ಣಲು ಬಂದವರು ತಾಟನ್ನು ಮುಂದಕ್ಕೆ ತಳ್ಳಿದರು.

"ಅಣ್ಣನ ಸಾವು ತಮ್ಮಗ ಬಂಡವಾಳ ಆತು. ಅಣ್ಣನ್ನ ಮಾರಿ ಉಣ್ಣಾಕತ್ತಾನ ಮಗ."

"ವಾರಕ್ಕೊಮ್ಮೆ ಬಂದು ಹೋಗ್ತಾನ" ಎಂದರು ಅತ್ತೆ. "ಅದೂ ಬ್ಯಾಡೇನ್ರಿ ನಿಮಗ?"

"ಬಂದಾಂವ ಅಂವ ಅಲ್ಲ."

"ನೀವು ನೋಡೀರೇನು? ನೋಡಲಾರದ ಹ್ಯಾಂಗ ಹೇಳ್ತೀರಿ?"

ಅಂದಿನಿಂದ ಮನೆಯ ವಾರ ಗುರುವಾರದ ಕಡೆಗೆ ವಾಲಿತು. ಬುಧವಾರವೇ ಅತ್ತೆ ಪುಂಡಿಸೊಪ್ಪು ತರಿಸುತ್ತಿದ್ದರು. ಇವರಿಗೆ ಪುಂಡಿಪಲ್ಲೆ ಪ್ರಾಣ. ಮೂರನೆಯ ಗುರುವಾರ ಅವರು ಮುಚ್ಚಿದ ತಾಟೊಂದನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದರು. ಧೂಳಪ್ಪ ಊಟಕ್ಕೆ ಕೂತದ್ದೇ ತಡ, ತಾಟನ್ನು ಟೀವಿಯ ಮುಂದಿಟ್ಟು ಮುಚ್ಚಳ ತೆಗೆದರು. ಎರಡು ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ಅವನು ಅಲ್ಲಿ ಉಂಡು ಮುಗಿಸುವವರೆಗೆ ಇಲ್ಲಿ ಯಾರೂ ಅಲುಗಾಡಲಿಲ್ಲ. ಹಜಿರಾ ಬೀ ನಗುತ್ತಾರೆಂದುಕೊಂಡೆ, ನಗಲಿಲ್ಲ. ಆಮೇಲೆ ಮೂವರೂ ಆ ತಾಟಿನಿಂದಲೇ ಒಂದೊಂದು ತುತ್ತು ತಿಂದೆವು. ಅತ್ತೆಗೆ ಬಿಕ್ಕಳಿಕೆ ಬಂತು. ಹಜಿರಾ ಬೀ ಲೋಟ ಚಾಚಿದರು, ಅತ್ತೆ ಕುಡಿದರು. ಚರಿಗೆ ಮರುವಾರದಿಂದ ಬರಲಿಲ್ಲ.

ಆ ನಡುವೆ ನನ್ನ ಅಣ್ಣ ಬಸವಕಲ್ಯಾಣದಿಂದ ಬಂದು ನನ್ನನ್ನು ತವರಿಗೆ ಕರೆದೊಯ್ದ. ಅಲ್ಲಿ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಜಾಗ ಖಾಲಿ ಇದೆ, ಎಂ.ಎ. ಮಾಡಿದವಳು ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಯಾಕೆ ಕೂಡಬೇಕು ಎಂಬುದು ಅವನ ಮಾತು. ತಪ್ಪು ಮಾತೇನೂ ಆಗಿರಲಿಲ್ಲ. ಗುರುವಾರ ತವರಿನವರೆಲ್ಲ ಸೇರಿ ಧಾರಾವಾಹಿ ನೋಡಿದರು. ಧೂಳಪ್ಪ ಚಂದ ಮಾಡುತ್ತಾನೆ, ಸಣ್ಣಾಂವ ಇದ್ದಾಗಿನಿಂದ ಚುರುಕು ಎಂದು ಹೊಗಳಿದರು. ಅವ್ವ ನನ್ನ ಮುಖ ನೋಡಿ ಒಂದು ವಾಟಿ ಹಾಲು ತಂದಿಟ್ಟಳು. ಅಷ್ಟೇ. ಅವರಿಗೆ ಧೂಳಪ್ಪ ಮಾತ್ರ ಕಂಡಿದ್ದ. ಅಳಿಯನಾಗಿ ಬಂದಾಗ ಇವರು ಆ ಮನೆಯಲ್ಲಿ ಮಣೆಯ ಮೇಲೆ ಮುದುಡಿ ಕೂತು, ನೀಡಿದ್ದನ್ನು ಸಂಕೋಚದಿಂದ ಉಂಡು ಎದ್ದವರು. ಚಪ್ಪಲಿಯನ್ನು ಬಗ್ಗಿ ಕೈಯಿಂದ ಬಿಡುತ್ತಿದ್ದರು.

ಎರಡು ದಿನ ಬಿಟ್ಟು ನಾನು ಹುಮನಾಬಾದಿನ ಬಸ್ಸು ಹತ್ತಿದೆ. ಅಣ್ಣನಿಗೆ, ಪಾಡ್ಯ ಆಗಲಿ, ಆಮೇಲೆ ನೋಡೋಣ ಎಂದೆ. ಬಾಗಿಲು ತೆಗೆದವರು ಮಾವ.

"ಬಂದ್ಯಾ ತಂಗಿ" ಎಂದರು. "ನಿಮ್ಮತ್ತಿ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ."

ಗುಂಡಪ್ಪ ಗಂಜಿನಿಂದ ಹೊಸ ಸುದ್ದಿ ತಂದಿದ್ದ. ಯಾವುದೋ ಹಿಂದಿ ಪತ್ರಿಕೆಯಲ್ಲಿ ಬಂದಿದೆಯಂತೆ, ಮುಂದಿನ ತಿಂಗಳು ಕಥೆಯಲ್ಲಿ ಹಿರಿಯ ಮಗ ಸಾಯುತ್ತಾನಂತೆ. ಅತ್ತೆ ನನ್ನ ಮುಂದೆ ಒಂದು ಕಾರ್ಡು ಇಟ್ಟರು. ಸಾಯುವುದನ್ನು ಮಾಡಬೇಡ ಎಂದು ಧೂಳಪ್ಪನಿಗೆ ಬರೆ ಎಂದರು. ಅದೆಲ್ಲ ಮೊದಲೇ ಚಿತ್ರ ತೆಗೆದು ಮುಗಿಸಿರುತ್ತಾರೆ ಎಂದು ಹೇಳಿದೆ.

"ಬರಿ ನೀ. ಅವ್ವ ಹೇಳ್ಯಾಳಂತ ಬರಿ. ಒಂದ ಮನ್ಯಾಗ ಎರಡ ಸಲ ಆಗಬಾರದು."

ಬರೆದೆ. ವಾರದೊಳಗೆ ಅಂಗಡಿಗೆ ಟ್ರಂಕಾಲ್ ಬಂತು. ಮಾವ ಫೋನು ಎತ್ತಿ, ದನಿ ಕೇಳಿ, ನನ್ನನ್ನು ಕರೆಸಿದರು. ಗರಗರ ಸದ್ದಿನಲ್ಲಿ ಧೂಳಪ್ಪನ ದನಿ ದೂರದಿಂದ ಬರುತ್ತಿತ್ತು. ಎಲ್ಲ ಮುಗಿದಿದೆ, ಬದಲಿಸಲು ಬರುವುದಿಲ್ಲ ಎಂದ.

"ಅವ್ವಗ ಹೇಳ್ರಿ ವೈನಿ. ಸಾಯೂದು ತೋರಸಂಗಿಲ್ಲ. ಉಂಡು ಮನಿಯಿಂದ ಹೊರಗ ಹೋಗ್ತಾನ, ಅಷ್ಟ. ಸುದ್ದಿ ಆಮ್ಯಾಲ ಬರ್ತದ." ದನಿ ಏರಿಸಿದ. "ಅಪ್ಪಗೂ ಹೇಳ್ರಿ. ಪಾಡ್ಯಕ್ಕ ಬರ್ತೀನಿ. ಮಾತು ಮರೆತಿಲ್ಲ."

ಮಾವ ತಕ್ಕಡಿಯ ಸರಪಳಿ ಒರೆಸುತ್ತಿದ್ದರು. ನಾನು ಹೇಳಿದ್ದಕ್ಕೆ ತಲೆಯಾಡಿಸಿದರು. ಕೈ ನಿಲ್ಲಲಿಲ್ಲ.

ಮುಂದಿನ ತಿಂಗಳು ಆ ಕಂತು ಬರುವ ಗುರುವಾರ ಹಜಿರಾ ಬೀ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಹೆಂಗಸರೆಲ್ಲ ಬಂದಿದ್ದರು. ಅತ್ತೆ ಎಂದಿನಂತೆ ತಾಟು ತಂದಿದ್ದರು. ಧಾರಾವಾಹಿ ಶುರುವಾದ ಮೇಲೆ ಹೊಸ್ತಿಲ ಹೊರಗೆ ಸದ್ದಾಯಿತು. ಮಾವ ನಿಂತಿದ್ದರು. ಹೆಂಗಸರನ್ನು ಮನೆಗೆ ಕರೆದೊಯ್ಯಲು ಬಂದೆನೆಂದರು. ಮನೆ ಎದುರಿಗೇ ಇತ್ತು. ಹಜಿರಾ ಬೀ ಒಂದು ಕುರ್ಚಿಯನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿದರು. ಮಾವ ಕೂಡಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತರು.

ಅವನು ಬೆಳಗಿನ ಊಟಕ್ಕೆ ಕೂತ. ಎದೆಗೆ ಎರಡು ಬೆರಳು ತಟ್ಟಿದ. ಮಾವನ ಕೈ ತಮ್ಮ ಎದೆಗೆ ಹೋದದ್ದನ್ನು ನಾನು ನೋಡಿದೆ. ಕಥೆಯ ಹೆಂಡತಿ ಬಡಿಸಿದಳು. ಇನ್ನೇನಾದರೂ ಬೇಕೇ ಎಂದು ಕೇಳಿ, ತರಲು ತಿರುಗಿ ಒಳಗೆ ನಡೆದಳು. ಅವನು ಉಣ್ಣುವುದನ್ನು ನಿಲ್ಲಿಸಿ ತಲೆ ಎತ್ತಿದ. ಹೋಗುತ್ತಿದ್ದವಳ ಬೆನ್ನು ನೋಡಿದ. ಅವಳು ಬಾಗಿಲು ದಾಟಿ ಕಾಣದಾಗುವವರೆಗೆ ನೋಡಿದ. ಆ ಮುಖದಲ್ಲಿ ಒಂದು ಮೆತ್ತಗಿನ ಬೆಳಕಿತ್ತು. ಇಷ್ಟು ದೊಡ್ಡದು ತನಗೆ ಹೇಗೆ ಸಿಕ್ಕಿತೆಂದು ಇನ್ನೂ ನಂಬಿಕೆ ಬಾರದವನ ಮುಖ. ಆಮೇಲೆ ಕೈ ತೊಳೆದ, ಚಪ್ಪಲಿಗೆ ಕಾಲು ತೂರಿಸಿದ, ಹೋದ. ಹೆಂಡತಿ ಹೊರಗೆ ಬಂದಾಗ ತಾಟು ಮಾತ್ರ ಇತ್ತು.

ಹೆಂಗಸರು ಅಳುತ್ತಿದ್ದರು. ಅತ್ತೆಯೂ ಅತ್ತರು. ನನಗೆ ಇವರು ಹೋದಾಗಿನಿಂದ ಅಳು ಬಂದಿರಲಿಲ್ಲ, ಅಂದೂ ಬರಲಿಲ್ಲ. ಉಳಿದದ್ದೆಲ್ಲ ನನಗೆ ಗುರುತಿನದು. ಆ ನೋಟ ಮಾತ್ರ ನಾನು ಎಂದೂ ಕಂಡದ್ದಲ್ಲ. ಅದನ್ನು ಧೂಳಪ್ಪನೇ ಕಟ್ಟಿದ್ದಾನೆ ಎಂದುಕೊಂಡೆ. ಮಾವ ಯಾವಾಗ ಹೋದರೋ ತಿಳಿಯಲಿಲ್ಲ.

ಪಾಡ್ಯದ ಹಿಂದಿನ ದಿನ ಧೂಳಪ್ಪ ಬಂದ. ಬಸ್ ನಿಲ್ದಾಣದಿಂದ ಮನೆಯವರೆಗೆ ಜನ ಅವನ ಬೆನ್ನು ಹತ್ತಿದ್ದರು. ಕೆಲವರು ದೂರದಿಂದಲೇ ಕೈ ಮುಗಿದರಂತೆ. ಅವನು ಸೊರಗಿದ್ದ. ಅತ್ತೆ ಅವನಿಗೆ ಎಣ್ಣೆ ಹಚ್ಚಿ ಎರೆದು, ಹೋಳಿಗೆ ಬಡಿಸಿ, ಮುಂದೆ ಕೂತರು.

"ತಮ್ಮಾ, ಒಮ್ಮೆ ಅಣ್ಣನಂಗ ಉಂಡು ತೋರಸು."

ಅವನ ಕೈ ತುಪ್ಪದ ವಾಟಿಯ ಮೇಲೆ ನಿಂತಿತು.

"ಇಲ್ಲಿ ಬ್ಯಾಡವ್ವ. ಇಲ್ಲಿ ಮಾಡಿದ್ರ ನಕಲಿ ಆಗ್ತದ. ಅಲ್ಲಿ ನಾ ಮಾಡಾಕ ಹೋಗಿದ್ದಿಲ್ಲ. ಮೊದಲನೇ ದಿನ ತಾಟು ಮುಂದ ಇಟ್ರು, ಕೈ ತಾನ ಎದಿಗಿ ಹೋತು. ಯಾಕಂತ ಕೇಳಿದ್ರು. ನನಗ ಹೇಳಾಕ ಬರಲಿಲ್ಲ."

ಮಾವ ಪಡಸಾಲೆಯ ಆ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

ನಮ್ಮ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಪಾಡ್ಯದ ಬೆಳಿಗ್ಗೆ ತಕ್ಕಡಿಗೆ ವಿಭೂತಿ, ಚೆಂಡುಹೂ ಏರಿಸಿದರು. ಗಾದಿಗೆ ಹೊಸ ಬಿಳಿ ಬಟ್ಟೆ ಹೊದಿಸಿದ್ದರು. ಗುಂಡಪ್ಪ ತೆಂಗಿನಕಾಯಿ ಹಿಡಿದು ನಿಂತಿದ್ದ. ಹೆಂಗಸರು ನಾವು ಬಾಗಿಲಲ್ಲಿದ್ದೆವು. ಮಾವ, ಕೂಡು ಎಂದರು.

ಧೂಳಪ್ಪ ಹೋಗಿ ಕೂತ. ಒರಗುವ ಲೋಡನ್ನು ಎಡ ಮೊಣಕೈಯಿಂದ ಹಿಂದಕ್ಕೆ ಸರಿಸಿದ. ಬಲ ಮೊಣಕಾಲನ್ನು ಮೇಲೆತ್ತಿ ಅದರ ಮೇಲೆ ಮುಂಗೈ ಇಳಿಬಿಟ್ಟ. ಮಾಡಬೇಕೆಂದು ಮಾಡಿದ್ದಲ್ಲ, ಅವನಿಗೆ ಅದು ತಿಳಿದೂ ಇರಲಿಲ್ಲ. ಗುಂಡಪ್ಪ ತೆಂಗಿನಕಾಯಿ ಒಡೆಯಲು ಎತ್ತಿದ ಕೈಯನ್ನು ಹಾಗೇ ಹಿಡಿದ. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಓಣಿಯಲ್ಲಿ ಯಾರೋ ಪಟಾಕಿ ಹಚ್ಚಿದರು, ಒಳಗೆ ಯಾರೂ ಬೆಚ್ಚಲಿಲ್ಲ.

ಮಾವ ಬಹಳ ಹೊತ್ತು ನೋಡಿದರು.

"ಏಳು" ಎಂದರು.

ಧೂಳಪ್ಪ ಗಾಬರಿಯಾದ. ಏನು ತಪ್ಪಾಯಿತೆಂದು ಕೇಳಿದ.

"ತಪ್ಪೇನಿಲ್ಲ. ದಿನಾ ನೀ ಇಲ್ಲಿ ಹಿಂಗ ಕೂತ್ರ ನಾ ನಿನ್ನ ನೋಡಂಗಿಲ್ಲ, ಅವನ್ನ ನೋಡ್ತೀನಿ. ಆಮ್ಯಾಲ ನನಗ ಇಬ್ಬರೂ ಇಲ್ಲದಂಗ ಆಗ್ತದ." ಅವರು ಮಗನ ತೋಳು ಹಿಡಿದು ಎಬ್ಬಿಸಿ, ಮೊಣಕಾಲ ಮೇಲೆ ಕೈಯೂರಿ ತಾವೇ ಇಳಿದು ಕೂತರು. ಲೋಡನ್ನು ತಮ್ಮ ಕಡೆಗೆ ಎಳೆದುಕೊಂಡರು. "ಗಾದಿ ಮ್ಯಾಲ ನಾ ಇದ್ದೇನಲ್ಲ. ನೀ ಹೋಗು."

ಆ ಮಾತು ಮೊದಲು ಯಾರದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಧೂಳಪ್ಪನಿಗೆ ಗೊತ್ತಿತ್ತು. ಅವನು ಅಪ್ಪನ ಕಾಲು ಮುಟ್ಟಿ ಬಹಳ ಹೊತ್ತು ಏಳಲಿಲ್ಲ. ಗುಂಡಪ್ಪ ಕಾಯಿ ಒಡೆದ.

ಸಂಜೆಯ ಬಸ್ಸಿಗೆ ಹೊರಡುವ ಮೊದಲು ನಾನು ಅವನಿಗೆ ಬಡಿಸಿದೆ. ಅತ್ತೆ ಹಜಿರಾ ಬೀಗೆ ಹಬ್ಬದ ಸಿಹಿ ಕರಚಿಕಾಯಿ ಕೊಡಲು ಹೋಗಿದ್ದರು. ಕೊನೆಯ ಕಂತಿನಲ್ಲಿ ಹೆಂಡತಿ ಒಳಗೆ ಹೋಗುವಾಗ ನೋಡಿದೆಯಲ್ಲ, ಅದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಯಾರೂ ಇಲ್ರಿ ವೈನಿ. ಅದು ಅಣ್ಣಂದ."

"ನಾ ಎಂದೂ ನೋಡಿಲ್ಲ."

"ನಿಮಗ ಹ್ಯಾಂಗ ಕಾಣಬೇಕು? ನಿಮ್ಮ ಬೆನ್ನು ಇತ್ತಾಗ ಇರ್ತಿತ್ತು. ದಿನಾ ನೋಡ್ತಿದ್ದ. ನೀವು ಹೊಳ್ಳಿ ಬರೂದ್ರಾಗ ತಾಟಿನ ಕಡಿ ಮಾರಿ ಮಾಡ್ತಿದ್ದ."

ಅವನು ರೊಟ್ಟಿಯ ಚೂರನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

"ಆ ದಿನ ಮುಂಜಾನಿ ನಾ ಮಲಗಿರಲಿಲ್ರಿ. ಎದ್ರ ಹೋಗಬೇಕಾಗ್ತದಂತ ಕಣ್ಣು ಮುಚ್ಚಿದ್ದೆ. ಹೊದಕಿ ಒಳಗಿಂದ ಎಲ್ಲಾ ನೋಡೀನಿ. ನೀವು ಮಜ್ಜಿಗಿ ತರಾಕ ಹೋದ್ರಿ. ಅಂವ ನೋಡಿದ. ಆ ದಿನದ್ದ ಅದು, ಟೀವ್ಯಾಗ ಬಂದದ್ದು."

ಅವನು ತಲೆ ಎತ್ತಲಿಲ್ಲ. ಮಾವನಿಗೆ ಹೇಳುತ್ತೇನೋ ಎಂಬ ಭಯ ಅವನಿಗಿದ್ದಿರಬೇಕು. ನಾನು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

"ಉಣ್ಣು. ಮಜ್ಜಿಗಿ ತರ್ತೀನಿ" ಎಂದೆ.

ಪಡಸಾಲೆಯಿಂದ ಅಡುಗೆಮನೆಯ ಬಾಗಿಲಿನವರೆಗೆ ನಿಧಾನವಾಗಿ ನಡೆದೆ. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಇವರು ತಾಟಿನ ಕಡೆ ಮುಖ ಮಾಡಿಬಿಡುತ್ತಿದ್ದರು.